ರಾಗಿಗೆ ಬೆಂಕಿ, ಹಿಪ್ಪುನೇರಳೆಗೆ ತುಕ್ರಾ

ಕನಕಪುರದ ಕಡೆಯ ಒಂದು ಸೊಪ್ಪಿನ ತೋಟದಲ್ಲಿ ರೈತರೊಬ್ಬರು ಹಿಪ್ಪುನೇರಳೆಯ ಕುಡಿಯೊಂದನ್ನು ಚಿವುಟಿ, ಅಂಗೈ ಮೇಲಿಟ್ಟು ಬಿಡಿಸಿ ತೋರಿಸಿದರು. ಎಲೆಗಳು ದಪ್ಪಗಾಗಿ, ಕಡು ಹಸಿರಿಗೆ ತಿರುಗಿ, ಮಗುವಿನ ಮುಷ್ಟಿಯ ಹಾಗೆ ಮುದುಡಿದ್ದವು. ಸಂದಿಯಲ್ಲೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ತಿಗಣೆ. ಇದೇ ತುಕ್ರಾ. ತಿಗಣೆಗಳ ನಡುವೆ ಇನ್ನೊಂದು ಬಿಳಿ ಹುಳುವಿತ್ತು; ಗಾತ್ರದಲ್ಲಿ ದೊಡ್ಡದು, ಮೈತುಂಬ ಮೇಣದ ಎಳೆ ಜೋತಾಡಿಸಿಕೊಂಡು ಅವಸರದಲ್ಲಿ ಓಡಾಡುತ್ತಿತ್ತು. ‘ಇವುಗಳ ತಾಯಿ ಇದೇ ಸ್ವಾಮಿ’ ಎಂದು ಅವರು ಹೆಬ್ಬೆರಳಲ್ಲಿ ಹೊಸಕಿಬಿಟ್ಟರು.

ಅದು ತಾಯಿಯಲ್ಲ. ಹಿಟ್ಟು ತಿಗಣೆಯನ್ನು ತಿಂದು ಬದುಕುವ ಒಂದು ಜಾತಿಯ ಗುಲಗಂಜಿ ಹುಳುವಿನ ಮರಿ. ಕ್ರಿಪ್ಟೊಲೀಮಸ್ ಎಂಬ ಹೆಸರಿನ ಈ ಆಸ್ಟ್ರೇಲಿಯಾದ ಹುಳುವನ್ನು ಭಾರತಕ್ಕೆ ತಂದದ್ದು 1898ರಲ್ಲಿ, ಕಾಫಿ ತೋಟದ ಶಲ್ಕ ಕೀಟಗಳನ್ನು ಹಿಡಿಯಲೆಂದು. ಬೇಟೆಯ ವೇಷವನ್ನೇ ಹಾಕಿಕೊಂಡ ಈ ಬೇಟೆಗಾರನನ್ನು ಗುರುತಿಸುವುದು ಕಲಿತವರಿಗೂ ಕಷ್ಟ. ಒಂದು ಶತಮಾನಕ್ಕೂ ಮಿಕ್ಕ ಕೀಟವಿಜ್ಞಾನ ಆ ಹೆಬ್ಬೆರಳಿನ ತನಕ ಬಂದು ಅಲ್ಲೇ ನಿಂತಿದೆ ಎಂದು ನನಗೆ ಆವತ್ತು ಅನ್ನಿಸಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿಡುವಳಿ ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಹತ್ತಿಪ್ಪತ್ತು ಗುಂಟೆ ಸೊಪ್ಪು, ಪಕ್ಕದಲ್ಲಿ ಎಕರೆ ರಾಗಿ, ಬದುವಿನ ಮೇಲೆ ನಾಲ್ಕು ತೆಂಗು, ಆಚೆಗೆ ದಾಯಾದಿಯ ಮಾವಿನ ತೋಪು. ಮಾವು ಹೂ ಬಿಟ್ಟಾಗ ಜಿಗಿಹುಳುವಿಗೆಂದು ಅವರು ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಇವರ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ರೇಷ್ಮೆ ಹುಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸಾಯುತ್ತದೆ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆಯಿಂದ ಎದ್ದು, ಇನ್ನು ಒಂದು ವಾರಕ್ಕೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕಾದ ಹುಳು ಹೀಗಾದರೆ ಆ ಬೆಳೆಯ ಸಾಲ ಹಾಗೇ ನಿಲ್ಲುತ್ತದೆ. ಬೇರೆ ಕಡೆ ಕೀಟನಾಶಕದ ತಪ್ಪು ಬಯಲಾಗಲು ವರ್ಷಗಳು ಬೇಕು. ಇಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ. ಸಿಂಪಡಣೆ ಬಿಟ್ಟು ಬೇರೆ ದಾರಿ ಹುಡುಕಲೇಬೇಕಾದ ಒತ್ತಡವನ್ನು ವಿಜ್ಞಾನಿಗಳ ಮೇಲೆ ಹಾಕಿದ್ದರಲ್ಲಿ ಈ ಹುಳುವಿನ ಪಾಲು ದೊಡ್ಡದು.

ನಮ್ಮಲ್ಲಿ ಬೆಳೆಯ ರೋಗ, ಕೀಟಗಳ ಸಂಶೋಧನೆಯ ಶುರು ಎಲ್ಲಿಂದ ಎಂದರೆ 1908ರಿಂದ ಎನ್ನಬೇಕು. ಆ ವರ್ಷ ಮೈಸೂರು ಸರ್ಕಾರ ಕೆನಡಾದ ಲೆಸ್ಲಿ ಕೋಲ್ಮನ್‌ರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ಕರೆಸಿಕೊಂಡಿತು. ಅವರ ಹೆಸರು ಹಬ್ಬಿದ್ದು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ರೂಢಿಗೆ ತಂದುದರಿಂದ. ಜೋಳದ ಮಿಡತೆಯ ಒಂದು ಕುಲಕ್ಕೆ ಇಂದಿಗೂ ‘ಕೋಲ್ಮೇನಿಯಾ’ ಎಂದೇ ಹೆಸರು. ಆದರೆ ನಮ್ಮ ಸೀಮೆಗೆ ಹೆಚ್ಚು ಉಪಕಾರವಾದದ್ದು ಅವರ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಶುರುವಾದ ರಾಗಿ ತಳಿಯ ಕೆಲಸ. ಅದೇ ಕಾಲದಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ಫಾರ್ಮ್ ಎದ್ದಿತು. ಗಂಟು ರೋಗವಿರುವ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪತ್ತೆಹಚ್ಚಿ, ಅದರ ಮೊಟ್ಟೆಯನ್ನು ನಾಶಮಾಡುವ ಪದ್ಧತಿಯನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ್ದರು. ಮಾಗಡಿ, ಕುಣಿಗಲ್ ಕಡೆಯ ಮೈಸೂರು ತಳಿಯ ಬಿತ್ತನೆ ಗೂಡು ಇಂದಿಗೂ ಅದೇ ಪರೀಕ್ಷೆ ದಾಟಿ ಬರುತ್ತದೆ.

ರಾಗಿಯ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ತೆನೆ ಹೊರಡುವ ಹೊತ್ತಿಗೆ ನಾಲ್ಕು ದಿನ ಮೋಡ ಮುಚ್ಚಿಕೊಂಡು ತುಂತುರು ಹಿಡಿಯಿತೆಂದರೆ ಬೆಂಕಿ ರೋಗ ಬಂತೆಂದೇ ಲೆಕ್ಕ. ಮೊದಲು ಎಲೆಯ ಮೇಲೆ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ. ಎಲೆಯಲ್ಲೇ ನಿಂತರೆ ಚಿಂತೆಯಿಲ್ಲ. ಕುತ್ತಿಗೆಗೆ ಇಳಿದರೆ ಅಲ್ಲಿ ಕಪ್ಪಾಗಿ ತೆನೆ ಮುರಿದು ಜೋತುಬೀಳುತ್ತದೆ. ತೆನೆಯ ಬೆರಳುಗಳಿಗೆ ಹತ್ತಿದರೆ ಕಾಳೆಲ್ಲ ಜೊಳ್ಳು. ಇದಕ್ಕೆ ಶಿಲೀಂಧ್ರನಾಶಕವಿದೆ, ಕೆಲಸವನ್ನೂ ಮಾಡುತ್ತದೆ. ಆದರೆ ಮಳೆ ನಂಬಿ ಬೆಳೆಯುವ ರಾಗಿಗೆ ಔಷಧಿ, ಆಳು, ಪಂಪು ಎಂದು ಖರ್ಚು ಮಾಡುವವರು ಯಾರು? ಹಾಗಾಗಿ ಮದ್ದು ಬೀಜದೊಳಗೇ ಇರಬೇಕಿತ್ತು.

ಅದು ಸಿಕ್ಕಿದ್ದು ಆಫ್ರಿಕಾದಲ್ಲಿ. ರಾಗಿ ಮೂಲತಃ ಅಲ್ಲಿನದೇ; ಇಥಿಯೋಪಿಯ, ಉಗಾಂಡದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ. 1960ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರ ಮಾಡತೊಡಗಿದರು. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಕೈಯಿಂದ ಪರಾಗಸ್ಪರ್ಶ ಮಾಡಿಸುವುದೇ ಒಂದು ತಪಸ್ಸು. ಹುಟ್ಟಿದ ತಳಿಗಳಿಗೆ ಇಟ್ಟ ಹೆಸರಿನಲ್ಲೇ ಎರಡೂ ನೆಲಗಳಿವೆ: ಇಂಡಿಯಾ, ಆಫ್ರಿಕಾ ಸೇರಿ ‘ಇಂಡಾಫ್’. ಇಳುವರಿ ಜಿಗಿಯಿತು. ಆದರೆ ಇಂಡಾಫ್‌ಗಳಲ್ಲಿ ಕೆಲವು ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುತ್ತಿದ್ದವು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಮತ್ತೆ ಆಫ್ರಿಕಾದ ಮೂಲಕ್ಕೇ ಹೋದರು. ರೋಗ ತಡೆಯುವ ಐಇ-1012 ಎಂಬ ತಳಿಯನ್ನು ಇಂಡಾಫ್-9ರ ಜೊತೆ ಕೂಡಿಸಿ, ಅದನ್ನು ಇಂಡಾಫ್-5ಕ್ಕೆ ಸೇರಿಸಿ ಪಡೆದದ್ದು ಜಿಪಿಯು-28. 1990ರ ದಶಕದಲ್ಲಿ ಹೊರಬಂದ ಈ ರಾಗಿ ಎಷ್ಟು ಬೇಗ ಹಳ್ಳಿ ಸೇರಿತೆಂದರೆ, ಮಾಗಡಿ ಕಡೆ ‘ಇಪ್ಪತ್ತೆಂಟು’ ಎಂದರೆ ಸಾಕು, ಮುಂದಿನ ಮಾತು ಬೇಕಿಲ್ಲ. ಆಮೇಲೆ ಬಂದ ಎಂಎಲ್-365ರ ಹಿಂದೆಯೂ ಅದೇ ಐಇ-1012 ಇದೆ. ಹೀಗೆ ಒಂದೇ ಮೂಲದ ಮೇಲೆ ಇಷ್ಟೊಂದು ಹೊಲ ನಿಂತಿರುವುದು ನನಗೆ ಅಷ್ಟಾಗಿ ಹಿಡಿಸದ ವಿಷಯ. ಶಿಲೀಂಧ್ರವೂ ಸುಮ್ಮನೆ ಕೂರುವ ಜೀವಿಯಲ್ಲ.

ಹಿಪ್ಪುನೇರಳೆಗೆ ಹಾಗೆ ಬೀಜದ ದಾರಿ ಇರಲಿಲ್ಲ. ತುಕ್ರಾ, ನುಸಿಗಳಿಗೆ ಬಹುಕಾಲ ಹೊಡೆಯುತ್ತಿದ್ದದ್ದು ನುವಾನ್, ಅಂದರೆ ಡೈಕ್ಲೋರ್‌ವಾಸ್. ಹೊಡೆದು ಇಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕೆಂಬ ಲೆಕ್ಕ ಕಾಗದದ ಮೇಲಿತ್ತು. ಹುಳು ಹಸಿದು ತಟ್ಟೆಯಲ್ಲಿ ಸರಬರ ಎನ್ನುವಾಗ ಲೆಕ್ಕ ಇಡುವವರು ಕಡಿಮೆ. 2020ರ ಕೊನೆಗೆ ಆ ಔಷಧಿಯನ್ನೇ ದೇಶದಲ್ಲಿ ನಿಷೇಧಿಸಲಾಯಿತು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಬಂದಿಳಿದ ಊಜಿ ನೊಣವನ್ನಂತೂ ಔಷಧಿಯಿಂದ ಮುಟ್ಟುವಂತೆಯೇ ಇರಲಿಲ್ಲ. ಅದು ಮೊಟ್ಟೆ ಇಡುವುದು ರೇಷ್ಮೆ ಹುಳುವಿನ ಮೈ ಮೇಲೆ. ಹುಳುಮನೆಯ ಬಾಗಿಲು ಕಿಟಕಿಗೆ ನೈಲಾನ್ ಪರದೆ ಬಂತು. ನೊಣದ ಕೋಶವನ್ನು ಕೊರೆದು ತಿನ್ನುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಪೊಟ್ಟಣದಲ್ಲಿ ಕೊಡುವ ವ್ಯವಸ್ಥೆಯಾಯಿತು.

2008ರಲ್ಲಿ ಬಂದದ್ದು ಇನ್ನೂ ಕೆಟ್ಟದು. ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿ ಹಿಟ್ಟು ತಿಗಣೆ, ಪರಂಗಿ, ಹಿಪ್ಪುನೇರಳೆ, ದಾಸವಾಳ, ಕೊನೆಗೆ ಪಾರ್ಥೇನಿಯಂ ಎಂದೂ ನೋಡದೆ ಹಬ್ಬಿತು. ಮೆಕ್ಸಿಕೋ ಮೂಲದ ಅದಕ್ಕೆ ಇಲ್ಲಿ ಶತ್ರುವೇ ಇರಲಿಲ್ಲ. ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೊ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ಬೆಳೆಸಿ, ಹಂಚಿತು. ಅಸೆರೊಫೇಗಸ್ ಎಂಬುದು ಮಿಕ್ಕ ಎರಡನ್ನೂ ಹಿಂದೆ ಹಾಕಿ ಹರಡಿ, ಹೋದ ಕಡೆಯಲ್ಲೆಲ್ಲ ತಿಗಣೆಯನ್ನು ತಗ್ಗಿಸಿತು. ಅದು ಎಳ್ಳಿಗಿಂತ ಸಣ್ಣದು. ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಟೊಳ್ಳು ಮಾಡಿಬಿಡುತ್ತದೆ. ರೈತರು ಅದನ್ನು ಕೊಳ್ಳಲಿಲ್ಲ, ಹೊಡೆಯಲಿಲ್ಲ, ಅನೇಕರು ಅದರ ಹೆಸರನ್ನೂ ಕೇಳಲಿಲ್ಲ. ಈ ನೂರು ವರ್ಷದ ಸಂಶೋಧನೆಯಲ್ಲಿ ಅತ್ಯುತ್ತಮವಾದುದನ್ನು ಆರಿಸು ಎಂದರೆ ನಾನು ಇದನ್ನೂ ಜಿಪಿಯು-28ನ್ನೂ ಆರಿಸುತ್ತೇನೆ.

ಈ ಉಪಾಯದ ದೊಡ್ಡ ಪಾಠ ಆಗಿದ್ದದ್ದು ಆಫ್ರಿಕಾದಲ್ಲೇ. 1970ರ ದಶಕದಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಅಲ್ಲಿನ ಬಡವರ ಊಟಕ್ಕೇ ಕೈ ಹಾಕಿದಾಗ, ಹಾನ್ಸ್ ಹೆರೆನ್ ಮತ್ತು ಸಂಗಡಿಗರು ಪರಾಗ್ವೆಯಲ್ಲಿ ಸಿಕ್ಕ ಅನಾಗೈರಸ್ ಲೊಪೆಜಿ ಎಂಬ ಕಣಜವನ್ನು ಖಂಡದುದ್ದಕ್ಕೂ ಬಿಟ್ಟು ಅದನ್ನು ಅಡಗಿಸಿದರು. ಹೆರೆನ್‌ಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ತಿಗಣೆ 2020ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡಾಗ, ಹೆಬ್ಬಾಳದವರು ಅದೇ ಕಣಜವನ್ನು 2021ರಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್‌ನಿಂದ ತರಿಸಿಕೊಂಡರು.

ಕೊಡುಕೊಳ್ಳುವಿಕೆ ಒಳ್ಳೆಯದರದ್ದೇ ಅಲ್ಲ. ರಾಮನಗರದ ಬಾದಾಮಿ ಮಾವಿನೊಳಗೆ ಹುಳು ಮಾಡುವ ಹಣ್ಣಿನ ನೊಣ ನಮ್ಮ ಕಡೆಯದು. ಅದು 2003ರಲ್ಲಿ ಕೀನ್ಯಾದಲ್ಲಿ ಸಿಕ್ಕಾಗ ಹೊಸ ಜಾತಿಯೆಂದೇ ತಿಳಿದು ಬೇರೆ ಹೆಸರಿಟ್ಟರು. ಎರಡೂ ಒಂದೇ ಎಂದು ತೀರ್ಮಾನವಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದೇ ನೊಣಗಳ ಕಾರಣಕ್ಕೆ 2014ರಲ್ಲಿ ಯುರೋಪ್ ನಮ್ಮ ಮಾವನ್ನು ಕೆಲಕಾಲ ಬಾಗಿಲಲ್ಲೇ ತಡೆಯಿತು. ಅತ್ತ ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡು, 2018ರ ಮೇನಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಸಿಕ್ಕಿತು. ಭಾರತದಲ್ಲಿ ಅದೇ ಮೊದಲು.

ಇಷ್ಟೆಲ್ಲ ಆದರೂ ರೋಗ ಬಂದ ದಿನ ರೈತ ಹೋಗುವುದು ಗೊಬ್ಬರದ ಅಂಗಡಿಗೆ. ಪ್ಲಾಸ್ಟಿಕ್ ಕವರಿನಲ್ಲಿ ಬಾಡಿದ ಎಲೆ ಹಿಡಿದು ಹೋದರೆ, ಅಂಗಡಿಯವನು ನೋಡಿಯೂ ನೋಡದ ಹಾಗೆ ಎರಡು ಬಾಟಲಿ ಎದುರಿಗಿಡುತ್ತಾನೆ. ಅವನನ್ನು ದೂರಿ ಫಲವಿಲ್ಲ. ರಾತ್ರಿ ಎಂಟರವರೆಗೆ ಬಾಗಿಲು ತೆರೆದಿರುವುದು, ಸಾಲ ಕೊಡುವುದು ಅವನೊಬ್ಬನೇ. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಹೇಳುವ ಸಲಹೆ ಕೆಲವೊಮ್ಮೆ ಕೇಳಲೇ ಕಷ್ಟ. ತೆಂಗಿಗೆ ಬಿಳಿನೊಣ ಹತ್ತಿ ಗರಿಯೆಲ್ಲ ಮಸಿಯಾದಾಗ ವಿಜ್ಞಾನ ಹೇಳಿದ್ದು, ‘ಔಷಧಿ ಹೊಡೆಯಬೇಡಿ, ಅದರ ಕಣಜ ಹಿಂದೆಯೇ ಬಂದಿದೆ’ ಎಂದು. ಕಪ್ಪಾದ ಮರದ ಕೆಳಗೆ ನಿಂತವನಿಗೆ ಸುಮ್ಮನಿರು ಎನ್ನುವುದು ಸುಲಭದ ಮಾತಲ್ಲ.

ಚನ್ನಪಟ್ಟಣದ ಹತ್ತಿರ ಹಸುವಿಗೆಂದು ಬೆಳೆದ ಜೋಳದ ಸಾಲಿನಲ್ಲಿ ಒಬ್ಬ ಅಜ್ಜಿಯನ್ನು ಕಂಡೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೋಗುಣಿಯಿಂದ ಮರಳು ಬೂದಿ ಬೆರೆಸಿದ್ದನ್ನು ಚಿಟಿಕೆ ಚಿಟಿಕೆಯಾಗಿ ಗಿಡದ ಸುಳಿಗೆ ಹಾಕುತ್ತಿದ್ದರು. ಸೈನಿಕ ಹುಳುವಿಗೆ ಆಫ್ರಿಕಾದ ಸಣ್ಣ ರೈತರೂ ಹೀಗೇ ಮಾಡುತ್ತಾರೆ, ಅದರ ಮೇಲೆ ಪ್ರಯೋಗಗಳೂ ನಡೆದಿವೆ ಎಂದೆ.

‘ಅವರೆಗೆ ಹೇನು ಬಿದ್ದಾಗ ಬೂದಿ ಎರಚ್ತಿರಲಿಲ್ವೇನಪ್ಪ’ ಎಂದರು ಅಜ್ಜಿ, ಮುಂದಿನ ಗಿಡಕ್ಕೆ ಬಾಗುತ್ತ.