ಅಕ್ಕಡಿ ಸಾಲಿಗೂ ಬೇಕಾಯಿತು ಪ್ರಮಾಣಪತ್ರ

ಹಳೇ ಮೈಸೂರಿನ ಖುಷ್ಕಿ ಹೊಲಗಳಲ್ಲಿ ರಾಗಿ ಒಂಟಿಯಾಗಿ ಬೆಳೆದದ್ದೇ ಕಡಿಮೆ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತುತ್ತಿತ್ತು, ಅವರೆಯ ಬೇರುಗಂಟು ಮಣ್ಣಿಗೆ ಸಾರಜನಕ ಕೂಡಿಸುತ್ತಿತ್ತು, ರಾಗಿ ಕೈಕೊಟ್ಟ ವರ್ಷವೂ ಸಾರಿಗೆ ನಾಲ್ಕು ಕಾಳಿರುತ್ತಿತ್ತು. ಇದನ್ನು ಯಾರೂ ಸಾವಯವ ಎನ್ನಲಿಲ್ಲ. ಅದೇ ಬೇಸಾಯ.

1960ರ ದಶಕದ ನಂತರ ಯೂರಿಯಾ ಚೀಲ ಬಂತು. ಸಾಲು ಸವೆದವು, ತಿಪ್ಪೆ ಕರಗಿತು.

2004ರಲ್ಲಿ ಕರ್ನಾಟಕ ಸಾವಯವ ಕೃಷಿ ನೀತಿ ತಂದಿತು. ಆದರೆ ಬೆಳೆಯನ್ನು ಸಾವಯವ ಎಂದು ಮಾರಲು ಬೇಕಾದ, ರಫ್ತು ಪೇಟೆಗೆಂದು ರೂಪುಗೊಂಡ ಪ್ರಮಾಣೀಕರಣ ಎರಡೆಕರೆಯವರಿಗೆ ನಿಜಕ್ಕೂ ಭಾರ. ವಾರ್ಷಿಕ ಬೆಳೆಗೆ ಬಿತ್ತನೆಗೂ ಮುಂಚೆ ಎರಡು ವರ್ಷದ ಪರಿವರ್ತನಾ ಅವಧಿ; ಆಗ ಸಾವಯವದ ಹೆಸರಿಲ್ಲ, ಬೆಲೆಯೂ ಇಲ್ಲ. ಪಕ್ಕದ ಹೊಲದ ಔಷಧಿ ತೂರಿ ಬಾರದಂತೆ ಬದುವಿನಂಚನ್ನೂ ಬಿಡಬೇಕು. ಆ ಅಂಚಿನಲ್ಲೇ ಹಿಂದೆ ಮನೆಗಾಗುವಷ್ಟು ತೊಗರಿ ಬೆಳೆಯುತ್ತಿತ್ತು.