ನಕ್ಷತ್ರದ ನಾಡಿ

ಉಷ್ಣ ಉಪಕುಬ್ಜ ತಾರೆಗಳು ಸೂರ್ಯನ ಅರ್ಧದಷ್ಟು ತೂಕದವು. ಹೊರಪದರವನ್ನು ಬಹುಪಾಲು ಕಳೆದುಕೊಂಡು ಒಡಲಲ್ಲಿ ಹೀಲಿಯಂ ಉರಿಸುವಂಥವು. ಇವು ಮಿಡಿಯಬೇಕೆಂದು, ಮೇಲ್ಪದರದಲ್ಲಿ ಸೇರಿದ ಕಬ್ಬಿಣವೇ ಅದಕ್ಕೆ ಕಾರಣವೆಂದು, 1996ರಲ್ಲಿ ಮಾಂಟ್ರಿಯಲ್ಲಿನ ಶಾರ್ಪಿನೆ ಮತ್ತು ಸಂಗಡಿಗರು ಗಣಿತದಿಂದಲೇ ನುಡಿದರು. ದಕ್ಷಿಣ ಆಫ್ರಿಕದ ಕಿಲ್ಕೆನ್ನಿಯವರ ತಂಡ ಸ್ವತಂತ್ರವಾಗಿ ಅಂಥ ಮಿಡಿತವನ್ನು ಕಂಡು 1997ರಲ್ಲಿ ಪ್ರಕಟಿಸಿತು: ಅವಧಿ 144 ಸೆಕೆಂಡು.

2003ರಲ್ಲಿ ಗಂಟೆಯಷ್ಟು ನಿಧಾನದ ಮಿಡಿತಗಳೂ ಬೆಳಕಿಗೆ ಬಂದವು. ತಾರಾಗರ್ಭದ ಸುದ್ದಿ ತರುವವು ಇವೇ. ಆದರೆ ಬೆಳಗಾದೊಡನೆ ನೆಲದ ದೂರದರ್ಶಕದ ಎಣಿಕೆ ಕಡಿದುಹೋಗುತ್ತಿತ್ತು. 2009ರಲ್ಲಿ ಬಾನಿಗೇರಿದ ಕೆಪ್ಲರ್ ದೂರದರ್ಶಕಕ್ಕೆ ಹಗಲಿನ ಅಡ್ಡಿಯಿರಲಿಲ್ಲ. ಅದು ತಿಂಗಳುಗಟ್ಟಲೆ ನಾಡಿ ಹಿಡಿದು ಕುಳಿತಿತು. ಅವಧಿಗಳ ನಡುವೆ ಸುಮಾರು 250 ಸೆಕೆಂಡಿನ ಸಮ ಅಂತರ ಕಂಡಿತು. ಮಿಡಿತಗಳಿಂದ ಲೆಕ್ಕಹಾಕಿದ ಗರ್ಭ ಸಿದ್ಧಾಂತ ಹೇಳಿದ್ದಕ್ಕಿಂತ ದೊಡ್ಡದಾಗಿತ್ತು. ಮೊದಲು ಮುಂದೆ ನಡೆದಿದ್ದ ಗಣಿತ, ಈಗ ನೋಟದಿಂದ ಪಾಠ ಕಲಿಯಬೇಕಾಯಿತು.