ಒಂದು ಅಪರಾಧ, ಎರಡು ವ್ಯಾಜ್ಯ

ಘಟಪ್ರಭೆಯ ದಂಡೆಯ ಮುಧೋಳ ಸೀಮೆಯಲ್ಲಿ ಒಬ್ಬನ ಹೊಲದ ಬದುವಿನ ಮರವನ್ನು ಮತ್ತೊಬ್ಬನು ಇರುಳಿನಲ್ಲಿ ಕಡಿದು ಹೊತ್ತೊಯ್ದನೆಂದು ಭಾವಿಸುವುದಾದರೆ, ಮರ ಬಿದ್ದುದು ಹಾನಿ, ಕಟ್ಟಿಗೆ ಹೋದುದು ಕಳವು. ಒಡೆಯನು ಎರಡಕ್ಕೂ ಬೇರೆ ಬೇರೆಯಾಗಿ ನ್ಯಾಯವನ್ನು ಬೇಡಬಹುದೇ?

ಈ ಪ್ರಶ್ನೆಯನ್ನು ರೋಮಿನ ಧರ್ಮಜ್ಞರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದರು. ಅವರ ಪುರಾತನವಾದ ಹನ್ನೆರಡು ಫಲಕಗಳ ಶಾಸನದಲ್ಲಿ ಕದ್ದು ಕಡಿದ ಮರವೊಂದಕ್ಕೆ 25 ಆಸ್ ನಾಣ್ಯಗಳನ್ನು ತೆರಬೇಕೆಂದಿದ್ದಿತು. ಕ್ರಿ. ಪೂ. 3ನೆಯ ಶತಮಾನದ ಅಕ್ವಿಲಿಯ ಶಾಸನವು ಹಾನಿಯ ಬೆಲೆಯನ್ನು ಕೊಡಿಸುತ್ತಿದ್ದಿತು. ಮರದ ಒಡೆಯನು ಎರಡರ ಮೇಲೂ ವ್ಯಾಜ್ಯ ಹೂಡಬಹುದೆಂದು ಲಾಬೆಯೋ ಹೇಳಿದನು. ಟ್ರೆಬಾಟಿಯಸನು ಅದನ್ನು ಒಪ್ಪಿದರೂ, ಮೊದಲು ದೊರೆತುದನ್ನು ಕಳೆದು ಉಳಿದುದನ್ನು ಮಾತ್ರ ಎರಡನೆಯದರಲ್ಲಿ ಕೊಡಿಸತಕ್ಕದ್ದೆಂದನು. ಆದರೆ ದಾಸನೊಬ್ಬನನ್ನು ಕದ್ದು, ಬಳಿಕ ಕೊಂದವನ ವಿಷಯದಲ್ಲಿ ಒಂದು ವ್ಯಾಜ್ಯವು ಮತ್ತೊಂದನ್ನು ನುಂಗಲಾರದೆಂದು ಉಲ್ಪಿಯನನು ನಿರ್ಣಯಿಸಿದನು. ಮನುಷ್ಯನನ್ನು ಮರದೊಡನೆ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದ ಕಾಲವದು! ಈ ಮತಗಳೆಲ್ಲ ಕ್ರಿ. ಶ. 533ರಲ್ಲಿ ಜಸ್ಟಿನಿಯನನು ಹೊರಡಿಸಿದ ಡೈಜೆಸ್ಟ್ ಗ್ರಂಥದಲ್ಲಿ ಉಳಿದುಬಂದಿವೆ.

ಕನ್ನಡನಾಡಿನಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಈ ಗಂಟು ಬೇರೆ ರೀತಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಸ್ಮೃತಿಯ ಪ್ರಕಾರ ಬೆಳೆಯನ್ನು ಕೆಡಿಸಿದ ಎಮ್ಮೆಗೆ 8 ಮಾಷ, ಆಕಳಿಗೆ 4, ಆಡುಕುರಿಗಳಿಗೆ 2 ಮಾಷ ದಂಡ. ಮೇದು ಅಲ್ಲಿಯೇ ಮಲಗಿದರೆ ಇಮ್ಮಡಿ. ಆದರೆ ಈ ದಂಡವು ಅರಸನದು. ಹೊಲದವನಿಗೆ, ನೆರೆಹೊರೆಯವರು ಅಂದಾಜು ಮಾಡಿದಷ್ಟು ಫಲವು ಬೇರೆಯಾಗಿ ಸಲ್ಲತಕ್ಕದ್ದು. ಕಳ್ಳನೂ ಕದ್ದ ಮಾಲನ್ನು ಹಿಂದಿರುಗಿಸಿದ ಮೇಲೆಯೇ ಶಿಕ್ಷೆಗೆ ಗುರಿಯಾಗುತ್ತಾನೆ. ರೋಮಿನಲ್ಲಿ ಇಮ್ಮಡಿ, ನಾಲ್ವಡಿಯ ಕಳವಿನ ದಂಡವೂ ಒಡೆಯನ ಕೈಗೇ ಬರುತ್ತಿದ್ದುದರಿಂದ, ಅವನು ನಷ್ಟದಲ್ಲಿಯೇ ಲಾಭ ಪಡೆಯುವನೆಂಬ ಶಂಕೆ ಅಲ್ಲಿ ಬಲವಾಯಿತು. ಇಲ್ಲಿ ಅದಕ್ಕೆ ಎಡೆ ಕಡಮೆ.

ಜಮಖಂಡಿ, ಮುಧೋಳಗಳು 1948ರವರೆಗೂ ಸಂಸ್ಥಾನಗಳಾಗಿದ್ದುವು; ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಬ್ರಿಟಿಷ್ ಇಂಡಿಯದಲ್ಲಿ 1871ರ ದನಗಳ ಅತಿಕ್ರಮಣ ಕಾಯಿದೆಯು ಬೆಳೆ ಮೇದ ದನಗಳನ್ನು ಕೊಂಡವಾಡಕ್ಕೆ ಹೊಡೆಯಲು ಅಧಿಕಾರ ಕೊಟ್ಟಿತು. ದನದವನು ಅಲ್ಲಿ ತೆತ್ತ ಹಣ ರೈತನಿಗೆ ಮುಟ್ಟುತ್ತಿರಲಿಲ್ಲ. ಆದುದರಿಂದ ಕಾಯಿದೆಯ 29ನೆಯ ಕಲಮು ಅವನು ನಷ್ಟಪರಿಹಾರದ ದಾವೆ ಹೂಡುವ ಹಕ್ಕನ್ನು ಉಳಿಸಿತು. ಮ್ಯಾಜಿಸ್ಟ್ರೇಟರು ಮೊದಲೇ ಏನಾದರೂ ಪರಿಹಾರ ಕೊಡಿಸಿದ್ದರೆ, ಅಷ್ಟನ್ನು ಆ ದಾವೆಯ ಮೊತ್ತದಿಂದ ಕಳೆಯತಕ್ಕದ್ದೆಂದು 30ನೆಯ ಕಲಮು ವಿಧಿಸಿತು. ಟ್ರೆಬಾಟಿಯಸನು ಮರದ ವ್ಯಾಜ್ಯದಲ್ಲಿ ಹೇಳಿದ ಕಳೆಯುವ ಲೆಕ್ಕವೂ ಇದೇ.